ಅಲುಗದ ಅಂಕಿ

ಡೊಂಬಿವಲಿಯ ಆ ಬಣ್ಣದ ಕಾರ್ಖಾನೆಯ ಕಂಟ್ರೋಲ್ ರೂಮಿಗೆ ದಾನಮ್ಮ ದಿನಾ ಬೆಳಿಗ್ಗೆ ಕಸ ಗುಡಿಸಲು ಬರುತ್ತಿದ್ದಳು. ಕೆಲಸ ಮುಗಿಸಿ, ಪೊರಕೆ ಗೋಡೆಗೆ ಒರಗಿಸಿ, ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅಕ್ಕಾರ, ಎಲ್ಲಾ ಬರೋಬ್ಬರಿ ಅದ ಏನ್ರಿ?"

ಅವಳ ಗಂಡ ರೇವಣಸಿದ್ದ ಮೂರನೆಯ ರಿಯಾಕ್ಟರಿನ ಅಟ್ಟದ ಮೇಲೆ ಕೂಲಿಗಳ ಮುಕಾದಮ. ರಾಸಾಯನಿಕ ಕುದಿಯುವ ಆ ದೊಡ್ಡ ಹಂಡೆಯ ಶಾಖ ಮಿತಿ ಮೀರಿದರೆ ಅಟ್ಟದ ಮೇಲಿದ್ದವರ ಗತಿ ಏನೆಂದು ಕಲಬುರಗಿ ಕಡೆಯಿಂದ ಬಂದ ಆ ಜನಕ್ಕೆಲ್ಲ ಗೊತ್ತಿತ್ತು. ಕಂಪ್ಯೂಟರ್ ನೋಡಿಕೊಳ್ಳುವ ಪ್ರಿಯಂವದಾ ಪರದೆಯತ್ತ ಕಣ್ಣು ಹಾಯಿಸಿ, "ಸರಿ ಉಂಟು ದಾನಮ್ಮ" ಎನ್ನುತ್ತಿದ್ದಳು. ಅಷ್ಟಕ್ಕೇ ದಾನಮ್ಮನ ಮುಖ ಸಡಿಲಾಗುತ್ತಿತ್ತು.

ಆ ಮಂಗಳವಾರವೂ ಹಾಗೆಯೇ ಆಯಿತು. ಪರದೆ ಎಂಬತ್ತೆರಡು ಡಿಗ್ರಿ ತೋರಿಸುತ್ತಿತ್ತು. ಪ್ರಿಯಂವದಾ ಸರಿ ಉಂಟು ಎಂದಳು, ದಾನಮ್ಮ ಪಕ್ಕದ ಕೋಣೆಗೆ ಹೋದಳು.

ಶಿಫ್ಟ್ ಇನ್‌ಚಾರ್ಜ್ ಮನೀಶನಿಗೆ ಬೇರೆಯದೇ ತಲೆಬಿಸಿ. "ಒಂದು ರಿಪೋರ್ಟ್ ಪ್ರಿಂಟ್ ಆಗ್ಲಿಕ್ಕೆ ಯುಗ ಬೇಕು ಮಾರಾಯ್ತಿ. ಯಾವ ಪ್ರೋಗ್ರಾಮ್ ಮೆಷಿನ್ನನ್ನು ತಿಂತಾ ಉಂಟು, ನೋಡು ಸ್ವಲ್ಪ."

ಯುನಿಕ್ಸ್ ಯಂತ್ರದಲ್ಲಿ ಓಡುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ಅವಳು ಪರದೆಗೆ ಕರೆಸಿದಳು. ಯಾವುದು ಎಷ್ಟು ಮೆಮೊರಿ ಹಿಡಿದು ಕೂತಿದೆ, ಪ್ರೊಸೆಸರಿನ ಎಷ್ಟು ಹೊತ್ತು ಬಳಸಿದೆ, ಎಲ್ಲವೂ ಸಾಲಾಗಿ ಬಂತು. ಹೊಟ್ಟೆಬಾಕನನ್ನು ಹುಡುಕುತ್ತಿದ್ದವಳ ಕಣ್ಣು ಏನೂ ತಿನ್ನದ ಒಂದರ ಮೇಲೆ ನಿಂತಿತು. ರಿಯಾಕ್ಟರಿನ ಶಾಖವನ್ನು ತಂದು ಮೆಮೊರಿಯಲ್ಲಿ ಬರೆಯುವ ಪ್ರೋಗ್ರಾಮ್ ಅದು. ಹೆಸರಿತ್ತು, ಹಿಡಿದ ಜಾಗ ಹಿಡಿದಂತೆಯೇ ಇತ್ತು. ಅದು ಬಳಸಿದ ಹೊತ್ತು ಮಾತ್ರ ಏರುತ್ತಿರಲಿಲ್ಲ. ಮತ್ತೆ ಕರೆಸಿದಳು, ಅದೇ ಅಂಕಿ. ಸ್ವಲ್ಪ ಕಾದು ಮತ್ತೆ ಕರೆಸಿದಳು. ಅವಳ ಅಪ್ಪನ ಹೋಟೆಲಿನಲ್ಲಿ ಒಲೆ ಆರಿದರೂ ಸೌಟು ಹಿಡಿದು ನಿಂತಿರುತ್ತಿದ್ದ ಭಟ್ಟರ ಹಾಗೆ ಅದು ನಿಂತುಬಿಟ್ಟಿತ್ತು.

ಅದು ಬರೆಯುವ ಮೆಮೊರಿಯ ಜಾಗವನ್ನೇ ತೆರೆದು ನೋಡಿದಳು. ಎಂಬತ್ತೆರಡು ಅಲ್ಲಿತ್ತು. ಪಕ್ಕದಲ್ಲಿ ಅದನ್ನು ಬರೆದ ಹೊತ್ತೂ ಇತ್ತು. ದಾನಮ್ಮ ಕೇಳುವುದಕ್ಕೂ ಎಷ್ಟೋ ಮುಂಚಿನ ಹೊತ್ತು. ಪರದೆ ಪಾಪ, ಅದೇ ಹಳಸಲನ್ನು ಮತ್ತೆ ಮತ್ತೆ ಓದಿ ತೋರಿಸುತ್ತಿತ್ತು. ಯಂತ್ರ ಸುಳ್ಳು ಹೇಳುವುದಿಲ್ಲ ಎನ್ನುವವರು ಯಂತ್ರದ ಮುಂದೆ ಕೂತು ಗೊತ್ತಿಲ್ಲದವರು.

ಪ್ರಿಯಂವದಾ ಮನೀಶನತ್ತ ತಿರುಗಿದಳು. "ಈ ಶಾಖ ಈಗಿನದ್ದಲ್ಲ, ಮನೀಶಣ್ಣ. ಈಗ ಎಷ್ಟು ಉಂಟು ಅಂತ ನಮಗೆ ಗೊತ್ತೇ ಇಲ್ಲ. ಜನರನ್ನು ಕೆಳಗಿಳಿಸಿ."

ಮನೀಶ ಅಟ್ಟಕ್ಕೆ ಫೋನ್ ಮಾಡಿದ. ಆ ಗದ್ದಲದಲ್ಲಿ ಯಾರೂ ಎತ್ತಲಿಲ್ಲ. "ಪ್ರೋಗ್ರಾಮ್ ರೀಸ್ಟಾರ್ಟ್ ಮಾಡಿ ನೋಡುವ. ಸುಮ್ಮನೆ ಸೈರನ್ ಹೊಡೆದು ಬ್ಯಾಚ್ ಹಾಳಾದ್ರೆ ಯಾರು ಜಿಮ್ಮೇದಾರ್?"

ಬಾಗಿಲಲ್ಲಿ ದಾನಮ್ಮ ನಿಂತಿದ್ದಳು. ಎಲ್ಲವೂ ಕಿವಿಗೆ ಬಿದ್ದಿತ್ತು.

"ಅಕ್ಕಾರ, ಬರೋಬ್ಬರಿ ಅದ ಅಂದಿದ್ರಲ್ರಿ."

ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಪ್ರಿಯಂವದಾ ಎದ್ದು, ಮನೀಶನ ಮೇಜಿನಾಚೆ ಕೈಚಾಚಿ ಸೈರನ್ನಿನ ಗುಂಡಿ ಒತ್ತಿದಳು.

ಜನ ದಡದಡ ಇಳಿದರು. ಎಲ್ಲರನ್ನೂ ಮುಂದೆ ದೂಡಿ ಕೊನೆಗೆ ಇಳಿದವನು ರೇವಣಸಿದ್ದ. ಅವನು ಅರ್ಧ ಏಣಿಯಲ್ಲಿದ್ದಾಗ ಹಂಡೆಯ ಕವಾಟ ಬಿಚ್ಚಿಕೊಂಡು ಹಬೆ ಭೋರ್ಗರೆಯಿತು. ಅವನ ಬೆನ್ನು ಸುಟ್ಟಿತು. ಯಾರೂ ಸಾಯಲಿಲ್ಲ.

ಅವನು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ದಾನಮ್ಮ ಗುಡಿಸಲು ಬಂದಳು. ಏನನ್ನೂ ಕೇಳಲಿಲ್ಲ. ಸೈರನ್ ಒತ್ತಿದ್ದಕ್ಕೆ ಮೇಲಿನವರು ಕೇಳಿದ ಜವಾಬು ಪ್ರಿಯಂವದಾಳಿಗೆ ಅಷ್ಟು ಭಾರವಾಗಲಿಲ್ಲ. ಈ ಮೌನ ಅವಳನ್ನು ಹಿಂಡಿಹಾಕಿತು.

ರೇವಣಸಿದ್ದ ಮತ್ತೆ ಅಟ್ಟ ಹತ್ತಿದ ದಿನ ದಾನಮ್ಮ ಪೊರಕೆ ಒರಗಿಸಿ ಪರದೆಯ ಬಳಿ ಬಂದಳು.

"ನನಗ ತೋರಸ್ರಿ."

ಪ್ರಿಯಂವದಾ ಆ ಪ್ರೋಗ್ರಾಮಿನ ಸಾಲನ್ನು ಕರೆಸಿ, ಅದು ಬಳಸಿದ ಹೊತ್ತಿನ ಅಂಕಿಯ ಕೆಳಗೆ ಬೆರಳಿಟ್ಟಳು. "ಇದು ಬದಲಾಗ್ತಾ ಇದ್ರೆ ಅದು ಕೆಲಸ ಮಾಡ್ತಾ ಉಂಟು ಅಂತ. ಬದಲಾಗದಿದ್ರೆ ನಾನು ಏನು ಹೇಳಿದ್ರೂ ನಂಬಬೇಡಿ."

ದಾನಮ್ಮ ರೆಪ್ಪೆ ಬಡಿಯದೆ ನೋಡಿದಳು. ಪ್ರಿಯಂವದಾ ಮತ್ತೆ ಕರೆಸಿದಾಗ ಅಂಕಿ ಬದಲಾಗಿತ್ತು.

"ಇನ್ನೊಮ್ಮಿ," ಎಂದಳು ದಾನಮ್ಮ.

ಇನ್ನೊಮ್ಮೆಯೂ ಬದಲಾಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಪೊರಕೆ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು.