ಓದದೆ ಕಳಿಸಿದ ಉಪ್ಪು

ಕೊಪ್ಪಳದ ಶ್ವೇತಾ ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ ರೂಮು ಹಿಡಿದು, ಜಯನಗರದ ಒಂದು ಪಿ.ಆರ್. ಕಂಪನಿಯಲ್ಲಿ ಕೆಲಸಕ್ಕಿದ್ದಳು. ಬ್ಲಾಗ್ ಬರೆಯುವವರಿಂದ ಕ್ಲೈಂಟುಗಳ ಸರಕಿನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಸುವುದು ಅವಳ ಪಾಲಿನ ಕೆಲಸ. ಆ ಸಲ ಬಂದದ್ದು ಸೋಡಿಯಂ ಕಡಿಮೆಯಿರುವ ಉಪ್ಪು. ಆರೋಗ್ಯದ ಬಗ್ಗೆ ಬರೆಯುವವರಿಗೆಲ್ಲ ಒಂದೊಂದು ಪ್ಯಾಕೆಟ್ಟು, ಜೊತೆಗೆ ಅವರ ಹೆಸರಲ್ಲಿ ಹಾಕಿಕೊಳ್ಳಲೆಂದು ತಾನೇ ಬರೆದಿಟ್ಟ ಲೇಖನವನ್ನೂ ಕಳಿಸಿದಳು.

ಗಿರಿನಗರದಿಂದ ಭೀಮೇಶ್ ಎಂಬ ಬ್ಲಾಗರ್ ಫೋನ್ ಮಾಡಿದರು.

“ಮೇಡಂ, ನನ್ನ ಬ್ಲಾಗ್ ಓದಿದೀರಾ?”

“ಓದಿದೀನಿ ಸಾರ್, ತುಂಬಾ ಚೆನ್ನಾಗಿದೆ.”



“ನಾನು ಡಯಾಲಿಸಿಸ್ ಮಾಡಿಸ್ಕೊಳ್ತಿರೋನು. ಓದೋರೂ ಹೆಚ್ಚುಕಮ್ಮಿ ಅಂಥೋರೇ. ಈ ಉಪ್ಪಲ್ಲಿ ಪೊಟ್ಯಾಶಿಯಂ ಇದೆ. ನಮ್ ಕಿಡ್ನಿ ಅದನ್ನ ಹೊರಗೆ ಹಾಕಲ್ಲ, ಹೃದಯಾನೇ ನಿಂತ್ಹೋಗ್ಬೋದು. ಇದನ್ನ ನನ್ ಕೈಲಿ ಹೊಗಳಿಸ್ತೀರಾ?”

ಶ್ವೇತಾ ಕಷ್ಟಪಟ್ಟು ಕಲಿತಿದ್ದ ಬೆಂಗಳೂರಿನ ಮಾತು ಕೈಕೊಟ್ಟಿತು. “ತಪ್ಪಾತ್ರೀ ಸರ್. ಓದಿಲ್ರೀ. ಸುಳ್ಳು ಹೇಳ್ದೆ.”

“ಈಗಾದ್ರೂ ಓದಿ,” ಎಂದು ಅವರು ಫೋನಿಟ್ಟರು.

ಊಟ ಬಿಟ್ಟು ಓದಿದಳು. ಬಾಯಾರಿಕೆಯ ಬಗ್ಗೆ, ಅಳೆದು ಕುಡಿಯುವ ನೀರಿನ ಬಗ್ಗೆ, ಪಕ್ಕದ ಹಾಸಿಗೆ ಖಾಲಿಯಾದ ದಿನದ ಬಗ್ಗೆ ಬರೆದಿದ್ದರು. ಸಂಜೆ ಮೇಲಧಿಕಾರಿ ರವಿಕುಮಾರ್ ಮುಂದೆ ನಿಂತು, ಲೇಖನ ವಾಪಸ್ ತೆಗೆದುಕೊಂಡು ಎಲ್ಲರಿಗೂ ಎಚ್ಚರಿಕೆ ಹೇಳಬೇಕೆಂದಳು.

“ಕ್ಲೈಂಟ್ ಹೋಗ್ತಾರೆ, ಗೊತ್ತಲ್ವಾ?”

“ಗೊತ್ತು ಸಾರ್.”

ಪ್ಯಾಕೆಟ್ಟಿನ ಹಿಂದೆ ಕಿಡ್ನಿ ತೊಂದರೆಯವರಿಗಲ್ಲ ಎಂದಿದ್ದ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ಓದಿದ ಅವರು, “ಫೋನ್ ಮಾಡಿ ಹೇಳಿ, ಮೇಲ್ ಸಾಲ್ದು,” ಎಂದರು. ಉಪ್ಪಿನ ಕಂಪನಿ ಅದೇ ವಾರ ಇವರನ್ನು ಕೈಬಿಟ್ಟಿತು.

ಶ್ವೇತಾ ಆ ಬ್ಲಾಗನ್ನು ಓದುವುದು ಬಿಡಲಿಲ್ಲ. ಆಗಾಗ ಅದರ ಕೆಳಗೆ ಎರಡು ಸಾಲು ಬರೆಯುತ್ತಿದ್ದಳು, ಭೀಮೇಶ್ ಉತ್ತರಿಸುತ್ತಿದ್ದರು. ಆಷಾಢದಲ್ಲಿ ಅವರ ಬರಹ ನಿಂತಿತು. ಒಂದು ಭಾನುವಾರ, ಉಪ್ಪು ಕಳಿಸಿದ್ದ ವಿಳಾಸ ಹಿಡಿದು ಗಿರಿನಗರಕ್ಕೆ ಹೋದಳು. ಬಾಗಿಲು ತೆರೆದವರು ಅವರ ಹೆಂಡತಿ ಶಾಂತಲಾ. ಶ್ವೇತಾ ತಾನು ಯಾರೆಂದು ಹೇಳಿದಳು.

“ಐಸಿಯುನಲ್ಲಿದಾರೆ. ಓದೋರೆಲ್ಲ ಕೇಳ್ತಾ ಇದಾರೆ, ನಂಗೆ ಬರೆಯೋಕೆ ಬರಲ್ಲ. ನೀವು ಬರೀತೀರಾ?”

“ಸಾರ್‌ನ ಕೇಳಿದ್ರಾ ಅಕ್ಕ?”

“ಅವರೇ ಹೇಳಿದ್ದು. ಆ ಉಪ್ಪಿನ ಹುಡುಗಿ ಬರೀಲಿ ಅಂತ.”

ಶ್ವೇತಾ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಳು. “ನೀವು ಹೇಳಿ ಅಕ್ಕ. ಹೇಳಿದ್ದಷ್ಟೇ ಬರೀತೀನಿ.”

ಶಾಂತಲಾ ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಹೇಳತೊಡಗಿದರು.