ತಿಂಗಳಿಗೊಂದು ಶುಕ್ರವಾರ

ಸಂಬಳ ಏರಿಸಬೇಕೋ, ಅದರ ಬದಲು ಬಿಡುವು ಕೊಡಬೇಕೋ ಎಂದು ಕೇಳುವ ಚೀಟಿಯೊಂದನ್ನು ಆಸ್ಟ್ರಿಯದ ನಮ್ಮ ಸ್ಟೈರ್ ಊರಿನ ಗೇರ್ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಹಂಚುತ್ತಾರೆ. ಬಿಡುವು ಆರಿಸಿಕೊಂಡರೆ ತಿಂಗಳಿಗೊಂದು ಶುಕ್ರವಾರ ಸ್ವಂತದ್ದು. ಹುಡುಗರೆಲ್ಲ ಬಿಡುವಿಗೇ ಗುರುತು ಹಾಕುತ್ತಿದ್ದರು. ಮೇಸ್ತ್ರಿಯಾದ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಮೂವತ್ತು ತುಂಬಿಲ್ಲ, ಆಗ್ಲೇ ಪಿಂಚಣಿ ಮುದುಕನ ಥರ ಆಡ್ತೀಯಲ್ಲೋ," ಎಂದು ಲೇತ್ ನಡೆಸುವ ಕೊರ್ಬಿನಿಯನ್‌ನನ್ನು ಹಂಗಿಸಿದೆ.

"ಮನೆ ಇದೆ, ಕಾರಿದೆ, ಹೊಟ್ಟೆಗೆ ಬೇಕಾದಷ್ಟಿದೆ ಮೇಸ್ತ್ರಿ. ಮಗಳ ಜೊತೆ ಕೂರೋಕೆ ಹೊತ್ತು ಮಾತ್ರ ಇಲ್ಲ. ನೀವು ಇನ್ನೂ ಏನು ಕೊಂಡ್ಕೋಬೇಕು, ಹೇಳಿ?"

ಆ ಸಂಜೆ ಸ್ವಿಚ್ ಕಾರ್ಖಾನೆಯಲ್ಲಿ ದುಡಿಯುವ ಹೆಂಡತಿ ರೋಸ್ವಿತಾಳ ಮುಂದೆ ಅವನನ್ನು ಸೋಮಾರಿ ಎಂದು ಎಂದಿನಂತೆ ಬೈದೆ. ಅವಳು ತಲೆಯೆತ್ತದೆ ಆಲೂಗಡ್ಡೆ ಸುಲಿಯುತ್ತಿದ್ದಳು. ಮರುದಿನ ಯಾರಿಗೂ ಕಾಣದ ಹಾಗೆ ನಾನೂ ಬಿಡುವಿಗೆ ಗುರುತು ಹಾಕಿದೆ. ಅವಳಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ನಗುತ್ತಾಳೇನೋ ಎಂಬ ನಾಚಿಕೆ ಒಂದು ಕಡೆ. ಮೂವತ್ತು ವರ್ಷ ಬೆಳಗಾಗುವ ಮುನ್ನ ಮನೆ ಬಿಟ್ಟವನು ಹಗಲು ಹೊತ್ತು ಅಲ್ಲಿ ಯಾರಿಗೆ ಬೇಕು ಎಂಬ ಭಯ ಇನ್ನೊಂದು ಕಡೆ.

ಮೊದಲ ಶುಕ್ರವಾರ ಬಂತು. ಅವಳು ಎದ್ದ ಮೇಲೆ ಹೇಳೋಣವೆಂದು ಕಣ್ಣು ಮುಚ್ಚಿ ಬಿದ್ದುಕೊಂಡೆ. ಆರಾಯಿತು, ಏಳಾಯಿತು. ಅವಳೂ ಏಳಲೊಲ್ಲಳು.

"ಎದ್ದೇಳು, ನಿಂಗೆ ಹೊತ್ತಾಯ್ತು," ಎಂದಳು ಕೊನೆಗೆ.

"ನಿಂಗೆ ಆಗ್ಲಿಲ್ವಾ?"

"ನಂಗಿವತ್ತು ರಜ."

"ನಂಗೂ. ಬಿಡುವಿಗೆ ಗುರುತು ಹಾಕ್ಬಿಟ್ಟೆ."

ದಡಕ್ಕನೆ ಎದ್ದು ಕೂತಳು. "ನಮ್ಮ ಸ್ವಿಚ್ ಕಾರ್ಖಾನೇಲೂ ಆ ಚೀಟಿ ಕೊಡ್ತಾರೆ. ನಾನು ಗುರುತು ಹಾಕೋಕೆ ಶುರು ಮಾಡಿ ಆರು ವರ್ಷ ಆಯ್ತು."

"ಆರು ವರ್ಷ! ನಂಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ನೀನು ದಿನಾ ಊಟಕ್ಕೆ ಕೂತು ಆ ಹುಡುಗ್ರನ್ನ ಸೋಮಾರಿಗಳು ಅಂತ ಜಾಡಿಸ್ತಿದ್ದೆ. ನಾನೂ ಅವರಲ್ಲೊಬ್ಳು ಅಂತ ನಾನಾಗೇ ಬಂದು ಬೈಸ್ಕೋಬೇಕಿತ್ತಾ?"

ನಿಜಕ್ಕೂ ಸಂಕಟವಾಯಿತು. ಬೈದದ್ದು ಹುಡುಗರನ್ನು, ತಗುಲಿದ್ದು ಇವಳಿಗೆ.

"ಇಷ್ಟು ವರ್ಷ ಆ ಶುಕ್ರವಾರ ಏನ್ ಮಾಡ್ತಿದ್ದೆ?"

"ಏನೂ ಇಲ್ಲ. ನೀನು ಹೋದ್ಮೇಲೆ ಒಂಬತ್ತರ ತನಕ ನಿದ್ದೆ. ಆಮೇಲೆ ಹೊಳೆ ದಂಡೆ ಮೇಲೆ ಒಂದು ಸುತ್ತು, ಒಂದು ಕಾಫಿ."

"ಹಾಗಾದ್ರೆ ನಾನೇ ಅಡ್ಡ ಬಂದೆ. ಎದ್ದು ಹೋಗ್ಲಾ?" ಎಂದು ಅರ್ಧ ಎದ್ದೆ.

ಅವಳು ನನ್ನ ತೋಳು ಹಿಡಿದು ಕೆಳಗೆಳೆದು ಹೊದಿಕೆ ಹೊದಿಸಿದಳು. "ಬಿದ್ಕೋ ಸುಮ್ನೆ. ಒಂಬತ್ತಕ್ಕೆ ಇನ್ನೂ ಹೊತ್ತಿದೆ. ಒಬ್ಳೇ ಕಾಫಿ ಕುಡಿದೂ ಕುಡಿದೂ ನಂಗೂ ಸಾಕಾಗಿದೆ."