ಮೆಟ್ಟಿಲ ತಿರುವಿನ ಹಸಿರು ಎಲೆ

ನಮ್ಮ ಮನೆಗೆ ಕೆಲಸ ತರುವುದು ಅಕ್ಕನ ಹೆಬ್ಬೆರಳು.

ಮೊದಲು ಹೀಗಿರಲಿಲ್ಲ. ಅಪ್ಪ ಮೊಸಾಯಿಕ್ ನೆಲ ಹಾಕುವ ಮೇಸ್ತ್ರಿ. ಅವನು ಹಾಕಿದ ನೆಲದ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದವರು ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದರು. ಈಗ ಕೆಲಸ ಮಾಡಿಸುವವರ ಮುಖವನ್ನೇ ನಾವು ನೋಡುವುದಿಲ್ಲ. ನೆಲ, ಗಾರೆ, ಬಣ್ಣ ಎಲ್ಲವೂ ಮೊಬೈಲಿನೊಳಗೆ ಹರಾಜಿಗೆ ಬರುತ್ತವೆ. ಅದೂ ತಲೆಕೆಳಗಾದ ಹರಾಜು. ಎಲ್ಲರಿಗಿಂತ ಕಡಿಮೆಗೆ ಮಾಡಿಕೊಡುತ್ತೇನೆ ಅನ್ನುವವನಿಗೆ ಕೆಲಸ. ಎದುರಾಳಿ ಯಾರು, ಅವನ ಹೊಟ್ಟೆಪಾಡೇನು, ಒಂದೂ ಕಾಣುವುದಿಲ್ಲ. ‘ನೀವು ಎರಡನೆಯ ಸ್ಥಾನದಲ್ಲಿದ್ದೀರಿ’ ಎಂಬ ಕೆಂಪಕ್ಷರ ಮಾತ್ರ ಕಾಣುತ್ತದೆ. ಪರದೆಯ ಎಡಗಡೆ ದರ ಇಳಿಸುವ ಗುಂಡಿ, ಬಲಗಡೆ ಏರಿಸುವ ಗುಂಡಿ. ಬಲಗಡೆಯದನ್ನು ಅಕ್ಕ ಮುಟ್ಟಿದ್ದೇ ಇಲ್ಲ. ಎಡಗಡೆ ಒತ್ತುತ್ತಾಳೆ, ಒಂದು ಗಳಿಗೆ ನಾವು ಮೊದಲನೆಯವರು. ಮತ್ತೆ ಕೆಂಪು. ಮತ್ತೆ ಒತ್ತು. ಮೊದಲ ಒತ್ತಿಗೆ ಲಾಭ ಹೋಗುತ್ತದೆ, ಆಮೇಲೆ ನನ್ನ ಕೂಲಿ, ಆಮೇಲೆ ಅಪ್ಪನ ಕೂಲಿ.

“ಸಾಕು ಕಣೆ,” ಅನ್ನುತ್ತಿದ್ದ ಅಪ್ಪ. “ಇನ್ನೊಂದ್ಸಲ ಒತ್ತಿದ್ರೆ ನಾವೇ ದುಡ್ಡು ಕೊಟ್ಟು ಅವರ ಕೆಲಸ ಮಾಡ್ಬೇಕಾಗುತ್ತೆ.”

ಅವನು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಆ ಮೊಬೈಲನ್ನು ಗಾರೆಯ ಬಾಂಡಲಿಗೆ ಹಾಕಿ ಸಿಮೆಂಟಿನ ಜೊತೆ ಕಲಸಿಬಿಡಬೇಕು ಅನ್ನಿಸುತ್ತಿತ್ತು.

“ಇವನ ಮುಖ ನೋಡಪ್ಪ,” ಅಂದಿದ್ದಳು ಅಕ್ಕ ಒಮ್ಮೆ. “ಕೋಪಕ್ಕೆ ಯಾರಾದ್ರೂ ಬಿಡ್ ಕರೆದ್ರೆ ಇವನೇ ಫಸ್ಟು.”

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಹೊಸ ಕೆಲಸಗಳ ಪಟ್ಟಿ ಓದುತ್ತಿದ್ದ ಅಕ್ಕನ ಬೆರಳು ಇದ್ದಕ್ಕಿದ್ದಂತೆ ಒಂದು ಕಡೆ ನಿಂತಿತು. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಏಳಲಿಲ್ಲ. ಮೊಬೈಲನ್ನು ಅಪ್ಪನ ಕಡೆ ತಿರುಗಿಸಿ ಹಿಡಿದಳು. ಹಳೆಯ ಟೆಲಿಫೋನ್ ಕಚೇರಿಯ ಫೋಟೋ. ಎರಡಂತಸ್ತಿನ ಕಟ್ಟಡ. ಕೆಡವಲು ಹರಾಜು.

ಆ ಕಚೇರಿಯ ನೆಲ ಹಾಕಿದ್ದು ಅಪ್ಪ ಅಮ್ಮ ಇಬ್ಬರೂ ಸೇರಿ. ನಾನಿನ್ನೂ ಹುಟ್ಟಿರಲಿಲ್ಲ. ಅಪ್ಪ ಗಾರೆ ಎಳೆಯುತ್ತಿದ್ದ, ಅಮ್ಮ ಅದು ಆರುವ ಮೊದಲು ಬಣ್ಣದ ಕಲ್ಲುಹರಳು ಕೂರಿಸುತ್ತಿದ್ದಳು. ಅಮ್ಮನ ಹತ್ತಿರ ಒಂದು ಹಸಿರು ಗಾಜಿನ ಲೋಟವಿತ್ತಂತೆ. ಅವಳ ತಾಯಿ ಕೊಟ್ಟದ್ದು. ಎಲ್ಲಿ ಕೆಲಸಕ್ಕೆ ಹೋದರೂ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಅದರಲ್ಲೇ ನೀರು ಕುಡಿಯುತ್ತಿದ್ದಳು. ಅಲ್ಲಿ ಮೆಟ್ಟಿಲ ಮೇಲೆ ಆಡುತ್ತಿದ್ದ ಅಕ್ಕ, ಇನ್ನೂ ತೊದಲು ಮಾತಿನ ವಯಸ್ಸು, ಅದನ್ನು ಬೀಳಿಸಿ ಒಡೆದಳು. ಹೊಡೆತ ಬಿದ್ದಿರಲಿಲ್ಲ, ಬೈಗುಳ ಬಿದ್ದಿರಲಿಲ್ಲ. ಆದರೂ ಬಿಕ್ಕಳಿಕೆ ಬರುವಷ್ಟು ಅತ್ತಳಂತೆ. ಅಮ್ಮ ಚೂರುಗಳನ್ನು ಆರಿಸಿ, ಸಣ್ಣ ಸುತ್ತಿಗೆಯಲ್ಲಿ ಇನ್ನಷ್ಟು ಸಣ್ಣ ಮಾಡಿ, ಮೆಟ್ಟಿಲು ತಿರುಗುವ ಕಡೆಯ ಹಸಿ ಗಾರೆಯಲ್ಲಿ ಒಂದೊಂದಾಗಿ ಒತ್ತಿದಳು. ಒಂದು ಎಲೆಯಾಯಿತು.

“ನೋಡು ಮಗಳೇ, ಇನ್ನಿದು ಯಾವತ್ತೂ ಒಡೆಯಲ್ಲ,” ಅಂದಳಂತೆ.

“ಆಫೀಸಿನೋರು ಬೈತಾರೆ,” ಅಂತ ಗೊಣಗಿದ ಅಪ್ಪನೇ ಆಮೇಲೆ ಅದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಪಾಲಿಶ್ ಹೊಡೆದ.

ನಾನು ಏಳನೇ ತರಗತಿಯಲ್ಲಿದ್ದಾಗ ಅಮ್ಮ ಹೋದಳು. ಆ ವರ್ಷವೇ ನಾನು ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ಅವಳ ಜಾಗದಲ್ಲಿ ಹರಳು ಕೂರಿಸಲು ಕುಳಿತೆ. ರಜೆಯ ದಿನ ಅಪ್ಪ ನಮ್ಮಿಬ್ಬರನ್ನೂ ಟೆಲಿಫೋನ್ ಕಚೇರಿಗೆ ಕರೆದುಕೊಂಡು ಹೋಗುತ್ತಿದ್ದ. ಹಳೆಯ ಕಾವಲುಗಾರ ಒಳಗೆ ಬಿಡುತ್ತಿದ್ದ. ಕಲ್ಲು ಯಾವುದು, ಗಾಜು ಯಾವುದು ಅಂತ ನಾವು ಕಲಿತದ್ದು ಆ ಎಲೆಯ ಮುಂದೆ ಮಂಡಿಯೂರಿ. “ಹಸಿರು ಕಲ್ಲಿನೊಳಗೆ ಒಂದು ಬಿಳಿ ಎಳೆ ಓಡಿರುತ್ತೆ,” ಅನ್ನುತ್ತಿದ್ದ ಅಪ್ಪ. “ಗಾಜಿಗೆ ಎಳೆ ಇರಲ್ಲ. ಗಾಜು ನಿಂತ ನೀರಿದ್ದ ಹಾಗೆ.” ಅಮ್ಮನದೆಂದು ಹೇಳಿಕೊಳ್ಳಲು ನಮ್ಮ ಮನೆಯಲ್ಲಿ ಒಂದು ಮಸುಕು ಫೋಟೋ ಬಿಟ್ಟರೆ ಏನೂ ಇಲ್ಲ. ಅವಳ ಕೈ ಉಳಿದಿದ್ದು ಆ ಎಲೆಯಲ್ಲಿ.

ಅವತ್ತೇ ಹೋದೆವು. ಕಾವಲುಗಾರ ಹೊಸಬ. ಸುತ್ತಲೂ ತಗಡಿನ ಬೇಲಿ ಬಿದ್ದಿತ್ತು.

“ಒಂದು ಚೂರು ನೆಲ ಕತ್ತರಿಸ್ಕೊಂಡು ಹೋಗ್ತೀವಣ್ಣ, ಅಷ್ಟೇ,” ಅಂದ ಅಪ್ಪ.

“ನನ್ನ ಕೇಳಿದ್ರೆ? ಎಲ್ಲಾ ಆನ್‌ಲೈನು.”

“ಯಜಮಾನ್ರು ಎಲ್ಲಿ ಸಿಗ್ತಾರೆ?”

“ಅವರೂ ಆನ್‌ಲೈನೇ.”

ಅಕ್ಕ ಆಪ್‌ನಲ್ಲಿ ಪ್ರಶ್ನೆ ಬರೆದು ಹಾಕಿದಳು. ‘ಬಿಡಿ ಭಾಗಗಳಿಗೆ ಅವಕಾಶವಿಲ್ಲ, ಕಟ್ಟಡ ಇದ್ದಂತೆಯೇ ಇಡಿಯಾಗಿ’ ಎಂಬ ಉತ್ತರ ಬಂತು. ಬರೆದವನಿಗೆ ಅಮ್ಮ ಇದ್ದಾಳೋ ಇಲ್ಲವೋ, ಅಥವಾ ಅದನ್ನು ಬರೆದದ್ದು ಮನುಷ್ಯನೋ ಅಲ್ಲವೋ, ನನಗೆ ಗೊತ್ತಿಲ್ಲ.

ಕೆಡವುವ ಹರಾಜು ನಮ್ಮ ಹರಾಜಿನ ಹಾಗಲ್ಲ. ಕಟ್ಟಡದ ಕಬ್ಬಿಣ, ಬಾಗಿಲು, ಇಟ್ಟಿಗೆ ಎಲ್ಲ ಗೆದ್ದವನದು. ಅದಕ್ಕೆ ಅವನೇ ಹಣ ಕೊಡಬೇಕು, ಹೆಚ್ಚು ಕೊಡುವವನಿಗೆ ಕಟ್ಟಡ. ಅಪ್ಪ ಎರಡು ದಿನ ಲೆಕ್ಕ ಹಾಕಿದ. ಮೂರನೆಯ ದಿನ ತಟ್ಟೆಯ ಮುಂದೆ ಕುಳಿತವನು, “ಪಾಲಿಶ್ ಯಂತ್ರ ಮಾರೋಣ,” ಅಂದ. “ಕಬ್ಬಿಣ ಮಾರಿದ್ಮೇಲೆ ಹಾಕಿದ ದುಡ್ಡು ವಾಪಸ್ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ.” ಆಮೇಲೆ ತಾನೇ ನಕ್ಕ. “ನಾನು ಹೇಳಿರ್ಲಿಲ್ವಾ? ದುಡ್ಡು ಕೊಟ್ಟು ಕೆಲಸ ಮಾಡೋ ಕಾಲ ಬರುತ್ತೆ ಅಂತ.”

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಹರಾಜಿನ ಹಿಂದಿನ ದಿನವೇ ಅಪ್ಪ ಉಳಿ ಸುತ್ತಿಗೆ ಹಿಡಿದು ನಮ್ಮ ಮನೆ ಬಾಗಿಲ ಒಳಗೆ ನೆಲ ಅಗೆದ. ಎಲೆ ಕೂರುವಷ್ಟು ಅಗಲದ ಚೌಕಾಕಾರದ ಗುಂಡಿ. “ಒಳಗೆ ಬರೋರೆಲ್ಲ ಮೊದಲು ಅವಳನ್ನ ನೋಡ್ಲಿ,” ಅಂದ.

ಹರಾಜು ಮಧ್ಯಾಹ್ನ. ಉಪ್ಪಿನ ಡಬ್ಬಿಗೆ ಮೊಬೈಲ್ ಒರಗಿಸಿ ಅಕ್ಕ ಕುಳಿತಳು. ಅವಳ ಹಿಂದೆ ನಾನು, ನನ್ನ ಹಿಂದೆ ಅಪ್ಪ. ಶುರುವಿನಲ್ಲಿ ಬಹಳ ಜನ ಇದ್ದರು. ಅಕ್ಕ ಬಲಗಡೆ ಒತ್ತಿದಳು, ಮತ್ತೆ ಬಲಗಡೆ. ಪ್ರತಿ ಸಲವೂ ಬೆರಳನ್ನು ಒಂದು ಕ್ಷಣ ಗಾಳಿಯಲ್ಲಿ ನಿಲ್ಲಿಸಿ, “ಬಲಗಡೆ,” ಅಂತ ತನಗೇ ಹೇಳಿಕೊಂಡು ಒತ್ತುತ್ತಿದ್ದಳು. ಒಬ್ಬೊಬ್ಬರೇ ಬಿಟ್ಟು ಹೋದರು. ಕೊನೆಗೆ ಉಳಿದದ್ದು ನಾವು ಮತ್ತು ಇನ್ನೊಬ್ಬ.

ಕೊನೆಯ ನಿಮಿಷದಲ್ಲಿ ನಾವು ಮೊದಲನೆಯವರು. ಅಪ್ಪನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಅಷ್ಟರಲ್ಲಿ ಕೆಂಪು ಮಿನುಗಿತು. ಎರಡನೆಯ ಸ್ಥಾನ. ನಮ್ಮ ಕೈಯಲ್ಲಿ ಇನ್ನೊಂದು ಒತ್ತಿಗೆ ಆಗುವಷ್ಟು ಇತ್ತು.

“ಒತ್ತು! ಒತ್ತು!” ಅಂತ ಕೂಗಿದೆ.

ಅಕ್ಕ ಒತ್ತಿದಳು. ಎಡಗಡೆ.

ಕೆಂಪು ಕಂಡರೆ ಎಡಗಡೆ. ವರ್ಷಗಟ್ಟಲೆ ಆ ಹಾಳು ಆಪ್ ಅವಳ ಬೆರಳಿಗೆ ಕಲಿಸಿದ್ದು ಅದೊಂದೇ. ಎರಡನೆಯವಳಾದೆಯಾ, ನಿನ್ನನ್ನು ನೀನು ಇನ್ನಷ್ಟು ಇಳಿಸಿಕೋ. ‘ಈ ದರ ಅಮಾನ್ಯ’ ಎಂಬ ಅಕ್ಷರ ಬಂತು. ಅದನ್ನು ಅಳಿಸಿ ಬಲಗಡೆ ಬೆರಳು ಒಯ್ಯುವಷ್ಟರಲ್ಲಿ ಪರದೆ ಬೂದಿ ಬಣ್ಣಕ್ಕೆ ತಿರುಗಿತು. ಹರಾಜು ಮುಗಿಯಿತು.

ಮೊದಲು ಬಾಯಿ ಬಿಟ್ಟವನು ನಾನು.

“ಲೋಟನೂ ನೀನೇ ಒಡೆದೆ. ಈಗ ನೆಲಾನೂ ನೀನೇ ಒಡೆದೆ.”

“ಬಾಯ್ಮುಚ್ಚೋ,” ಅಂದ ಅಪ್ಪ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ. ಮೊಬೈಲನ್ನು ಮಕಾಡೆ ಇಟ್ಟು ಎದ್ದು ಹೋದಳು.

ಅವತ್ತಿನಿಂದ ಅವಳು ಅದನ್ನು ಮುಟ್ಟಲಿಲ್ಲ. ಕೆಲಸಗಳು ಬಂದವು, ಹೋದವು. ನಮಗೆ ಬಡಿಸಿ ತಾನು ಆಮೇಲೆ ಒಬ್ಬಳೇ ಉಣ್ಣುತ್ತಿದ್ದಳು. ಬಾಗಿಲ ಗುಂಡಿಯನ್ನು ಅಪ್ಪ ಮುಚ್ಚಲಿಲ್ಲ. ಮಾರಲು ಮಾತಾಗಿದ್ದ ಪಾಲಿಶ್ ಯಂತ್ರ ಮೂಲೆಯಲ್ಲಿ ಕುಳಿತಿತ್ತು. ನಾವು ಮೂವರೂ ದಿನಾ ಆ ಗುಂಡಿ ದಾಟಿಕೊಂಡು ಒಳಗೆ ಹೊರಗೆ ಓಡಾಡಿದೆವು. ಅಕ್ಕ ದಾಟುವಾಗ ಮಾತ್ರ ಕಣ್ಣು ಮುಚ್ಚುತ್ತಿದ್ದಳು. ಕ್ಷಮಿಸು ಅನ್ನಬೇಕು ಅಂತ ನಾನು ಅಡುಗೆಮನೆಯವರೆಗೆ ಹೋಗುತ್ತಿದ್ದೆ, ಹೋಗಿ ನೀರು ಕುಡಿದು ಬರುತ್ತಿದ್ದೆ.

ಗೆದ್ದವನ ಹೆಸರನ್ನು ಆಪ್ ತೋರಿಸುವುದಿಲ್ಲ. ಅದಕ್ಕೇ ಕೆಡವಲು ಶುರುವಾಗಿದೆ ಎಂಬ ಸುದ್ದಿ ಕೇಳಿ ಓಡಿದಾಗಲೇ ನಮಗೆ ಗೊತ್ತಾದದ್ದು. ತಗಡಿನ ಬೇಲಿಯ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದವನು ಗುಜರಿ ದೊರೆ. ಹಳೆ ಕಬ್ಬಿಣದ ವ್ಯಾಪಾರಿ. ಅಪ್ಪನ ಕೆಲಸದಲ್ಲಿ ಮಿಕ್ಕ ಹಿತ್ತಾಳೆ ಪಟ್ಟಿಗಳನ್ನು ಎಷ್ಟೋ ವರ್ಷದಿಂದ ಕೊಳ್ಳುತ್ತಿದ್ದವನು ಅವನೇ. ಅಮ್ಮನಿಗೆ ಕೊನೆಯ ಸಲ ಹೆಗಲು ಕೊಟ್ಟವರಲ್ಲಿ ಒಬ್ಬ.

“ಓಹೋ ಮೇಸ್ತ್ರಿ, ಬಾರಯ್ಯ ಬಾ!” ಅಂತ ಎದ್ದ. ಅಪ್ಪ ವಿಷಯ ಹೇಳಿದ. ದೊರೆಯ ಮುಖ ಕಪ್ಪಿಟ್ಟಿತು.

“ಕೊನೇವರೆಗೂ ಜಗ್ಗಿದ್ದು ನೀವಾ? ಯಾವನೋ ದೊಡ್ಡ ಕುಳ ಅಂದ್ಕೊಂಡು ನಾನೂ ಹಠಕ್ಕೆ ಬಿದ್ದೆನಲ್ಲಯ್ಯ! ಒಂದು ಮಾತು ಹೇಳ್ಬಾರ್ದಿತ್ತಾ? ಪುಕ್ಕಟೆ ಕೊಡ್ತಿದ್ದೆ ಕಣಯ್ಯ ಆ ಚೂರನ್ನ.”

“ಯಾರಿಗೆ ಹೇಳೋದು?” ಅಂದೆ ನಾನು. “ಆ ಪರದೇಲಿ ನಿನ್ನ ಮೂತಿ ಕಾಣ್ತಿತ್ತಾ?”

“ಸುಮ್ನಿರೋ,” ಅಂದ ಅಪ್ಪ. “ಮೆಟ್ಟಿಲು?”

ಗುಜರಿ ದೊರೆ ತಲೆ ತಗ್ಗಿಸಿದ. “ಮೊನ್ನೇನೇ ಬಿತ್ತು. ಯಂತ್ರ ಒಳಗೆ ನುಗ್ಗೋಕೆ ಅದೇ ಅಡ್ಡ ಇತ್ತು.” ಹಿಂದೆ ಇದ್ದ ರಾಶಿ ತೋರಿಸಿದ. “ಅರ್ಧ ಲಾರಿಗೆ ಹೋಗಿದೆ. ಇನ್ನರ್ಧ ಅಲ್ಲಿದೆ. ಎಷ್ಟು ಹೊತ್ತು ಬೇಕಾದ್ರೂ ಹುಡುಕ್ಕೋ. ಯಂತ್ರ ನಿಲ್ಲಿಸ್ತೀನಿ.”

ಅಪ್ಪ ನನ್ನನ್ನು ಮನೆಗೆ ಕಳಿಸಿದ. “ಅಕ್ಕನ್ನ ಕರ್ಕೊಂಡು ಬಾ. ಬರಲ್ಲ ಅಂದ್ರೆ ನಾನು ಕರೆದೆ ಅನ್ನು.”

ಅವಳು ಬಂದಳು. ದಾರಿಯುದ್ದಕ್ಕೂ ನನ್ನಿಂದ ಎರಡು ಹೆಜ್ಜೆ ಹಿಂದೆಯೇ ನಡೆದಳು.

ಮೂವರೂ ರಾಶಿಯ ಮೇಲೆ ಕುಳಿತು ಹುಡುಕಿದೆವು. ನಮ್ಮ ಅಪ್ಪ ಅಮ್ಮನ ನೆಲ ಅಂಗೈಯಗಲ ಚೂರುಗಳಾಗಿ, ಬಹಳಷ್ಟು ಬೋರಲಾಗಿ ಬಿದ್ದಿತ್ತು. ಎತ್ತು, ತಿರುಗಿಸು, ಒರೆಸು, ಬಿಸಾಡು. ಬಿಳಿ, ಕಪ್ಪು, ಹಳದಿ. ಕಬ್ಬಿಣದ ಸರಳು ತಾಗಿ ನನ್ನ ಅಂಗೈ ಸೀಳಿತು. ಒಳ್ಳೆಯದೇ ಆಯಿತು ಅನ್ನಿಸಿತು. ಅಕ್ಕ ಪ್ರತಿ ಚೂರನ್ನೂ ಸೆರಗಿನಲ್ಲಿ ಒರೆಸಿ, ನೋಡಿ, ಮಗುವನ್ನು ಮಲಗಿಸಿದ ಹಾಗೆ ಪಕ್ಕಕ್ಕಿಡುತ್ತಿದ್ದಳು. ಬಿಸಿಲು ಇಳಿಯತೊಡಗಿತು. ಅವಳ ಕೈ ನಿಧಾನವಾಯಿತು. ಕೊನೆಗೆ ನಿಂತೇಹೋಯಿತು. ಕೈಯನ್ನು ಮಡಿಲಲ್ಲಿಟ್ಟುಕೊಂಡು ತನ್ನ ಹೆಬ್ಬೆರಳನ್ನೇ ನೋಡುತ್ತಾ ಕುಳಿತಳು.

“ಸಿಕ್ತು!” ಅಂದ ಅಪ್ಪ.

ಅವನ ಕೈಯಲ್ಲಿ ಒಂದು ಚೂರು. ಅದರ ಮೇಲೆ ಹಸಿರು. ಅವನು ಕಲ್ಲು ಮಣ್ಣು ಜಾರಿಸಿಕೊಂಡು ಇಳಿದು ಬಂದು ಅದನ್ನು ಅಕ್ಕನ ಮಡಿಲಲ್ಲಿಟ್ಟ.

“ನೋಡು ಮಗಳೇ, ನಿಮ್ಮಮ್ಮನ ಎಲೆ. ಅರ್ಧ ಉಳಿದಿದೆ. ಅವಳು ಹೇಳಿರ್ಲಿಲ್ವಾ, ಇದು ಒಡೆಯಲ್ಲ ಅಂತ?”

ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡಳು. ಹರಾಜಿನ ದಿನದಿಂದ ಅಳದವಳು ಈಗ ಅತ್ತಳು. ಬಿಕ್ಕಳಿಕೆ ಬರುವಷ್ಟು.

ನಾನು ಅವಳ ಭುಜದ ಮೇಲಿಂದ ಬಗ್ಗಿ ನೋಡಿದೆ. ಹಸಿರಿನೊಳಗೆ ಕೂದಲಿನಷ್ಟು ತೆಳ್ಳಗೆ ಒಂದು ಬಿಳಿ ಎಳೆ ಓಡಿತ್ತು.

ಕಲ್ಲು. ಗಾಜಲ್ಲ. ಅಮ್ಮನದಲ್ಲ. ಯಾವುದೋ ಕೋಣೆಯ ಅಂಚಿನ ಪಟ್ಟಿ.

ತಲೆ ಎತ್ತಿದೆ. ಅಪ್ಪ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು. ಕತ್ತಲೆಯಲ್ಲಿ ಮುಟ್ಟಿ ಹರಳು ಬೇರ್ಪಡಿಸುವವನಿಗೆ ಹಗಲಲ್ಲಿ ಗೊತ್ತಾಗದೆ ಇರುತ್ತದೆಯೇ?

“ಅದೇ ಅಲ್ವೇನೋ?” ಅಂತ ಕೇಳಿದ.

ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ ಓಡುತ್ತದೆ. ಅದನ್ನು ಹಿಡಿದು ನಿಲ್ಲಿಸಿದೆ.

“ಹೌದು,” ಅಂದೆ. “ಅದೇ.”

ಮನೆಗೆ ಬಂದ ಮೇಲೆ ಅಪ್ಪ ಗಾರೆ ಕಲಸಿ ಆ ಚೂರನ್ನು ಬಾಗಿಲ ಗುಂಡಿಯಲ್ಲಿ ಕೂರಿಸಿದ. ಸುತ್ತ ಉಳಿದ ಜಾಗಕ್ಕೆ ಬಿಳಿ ಹರಳು ತುಂಬಿದ. ಅದು ಗಟ್ಟಿಯಾದ ಮೇಲೆ ನಾನು ಉಜ್ಜುವ ಕಲ್ಲು ಹಿಡಿದು ಕುಳಿತೆ. ಅಷ್ಟು ಚಿಕ್ಕ ಜಾಗಕ್ಕೆ ಯಂತ್ರ ಇಳಿಯುವುದಿಲ್ಲ, ಕೈಯಲ್ಲೇ ಉಜ್ಜಬೇಕು. ಅಕ್ಕ ತಾನಾಗಿಯೇ ಚೊಂಬಿನಲ್ಲಿ ನೀರು ತಂದು ಎದುರಿಗೆ ಕುಳಿತಳು. ಅವಳು ಹೊಯ್ಯುತ್ತಿದ್ದಳು, ನಾನು ಉಜ್ಜುತ್ತಿದ್ದೆ. ಸಿಮೆಂಟಿನ ಬಿಳಿ ನೀರು ಹರಿದು ಹೋಗಿ ಹಸಿರು ಮೇಲೆ ಬಂತು.

“ಅಕ್ಕ,” ಅಂದೆ. “ಅವತ್ತು ನಾನು...”

“ಕೆಲಸ ಮಾಡು.”

ಮಾಡಿದೆ. ಉಜ್ಜಿದಷ್ಟೂ ಹಸಿರು ತಿಳಿಯಾಯಿತು. ಉಜ್ಜಿದಷ್ಟೂ ಅದರೊಳಗಿನ ಬಿಳಿ ಎಳೆ ಎದ್ದು ಕಾಣತೊಡಗಿತು. ನಾನು ತಲೆ ಎತ್ತಿದೆ. ಅಕ್ಕನ ಕಣ್ಣು ಆ ಎಳೆಯ ಮೇಲೆಯೇ ಇತ್ತು. ಆ ಎಲೆಯ ಮುಂದೆ ಮಂಡಿಯೂರಿ ಕಲಿತವಳು ಅವಳೂ ಅಲ್ಲವೇ.

ಒಳಗೆ ಅಪ್ಪ ಕೆಮ್ಮಿದ. ಅಕ್ಕ ಆ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಒದ್ದೆ ಮಣಿಕಟ್ಟು ಹಿಡಿದುಕೊಂಡಳು.

“ಸಾಕು ಬಿಡೋ,” ಅಂದಳು ಮೆಲ್ಲಗೆ. “ಇನ್ನು ಉಜ್ಜಬೇಡ.”